ಮೆಂಟರ್ ರಿಜಿಸ್ಟರಲ್ಲಿ ಮೇಷ್ಟ್ರಿಗೂ ಒಂದು ಕಾಲಂ ಬೇಕು

ಮಾನ್ಯ ಸಂಪಾದಕರೇ,

ಮೂರು ದಿನದಿಂದ ನಮ್ ಕಾಲೇಜಲ್ಲಿ ಮೆಂಟರ್-ಮೆಂಟಿ ರಿಜಿಸ್ಟರ್ ತುಂಬೋ ಕೆಲಸ ನಡೀತಿದೆ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನೋರು ಬಂದಾಗ ಒಬ್ಬೊಬ್ಬ ಮೇಷ್ಟ್ರ ಕೈಕೆಳಗೆ ಎಷ್ಟು ಮಕ್ಕಳು ಅಂತ ಕೇಳ್ತಾರಲ್ಲ, ಅದಕ್ಕೆ ಹೋದ ವರ್ಷದ ತಾರೀಖೆಲ್ಲ ಹಾಕಿ ಬೇರೆ ಬೇರೆ ಪೆನ್ನಲ್ಲಿ ಸೈನ್ ಮಾಡಿಸ್ತಿದೀವಿ. ಪೆನ್ನು ಯಾಕೆ ಬೇರೆ ಅಂದ್ರೆ ಎಲ್ಲಾ ಒಂದೇ ದಿನ ಬರೆದಂಗೆ ಕಾಣಬಾರ್ದು. ಇದನ್ನ ಮಾತ್ರ ಸೀನಿಯರ್‌ಗಳು ನಂಗೆ ಭಾಳ ಪ್ರೀತಿಯಿಂದ ಹೇಳ್ಕೊಟ್ರು.

ನಾನು ಬೇಲೂರು ತಾಲ್ಲೂಕಿನ ಹಕ್ಕಿಪಿಕ್ಕಿ ಬುಡಕಟ್ಟಿನ ಕಾಲೊನಿಯೋನು. ಮನೇಲಿ ವಾಗ್ರಿ ಮಾತು, ಕನ್ನಡ ಕಲ್ತಿದ್ದು ಸ್ಕೂಲಿಗೆ ಸೇರಿದ್ಮೇಲೆ. ನಮ್ ಮಾವಂದ್ರು ಆಫ್ರಿಕಾ ದೇಶಗಳಿಗೆ ಹೋಗಿ ಎಣ್ಣೆ, ಗಿಡಮೂಲಿಕೆ ಮಾರ್ಕೊಂಡು ಬರ್ತಾರೆ, ಪಾಸ್‌ಪೋರ್ಟ್ ವೀಸಾ ಬಗ್ಗೆ ಏನ್ ಕೇಳಿದ್ರೂ ಹೇಳ್ತಾರೆ, ಆದ್ರೆ ಪಿಎಚ್‌ಡಿಗೆ ಬರೆಯೋ ಸಿನಾಪ್ಸಿಸ್, ಅಂದ್ರೆ ಸಂಶೋಧನೆಯ ಸಾರಾಂಶ, ಅಂದ್ರೇನು, ಗೈಡ್ ಹತ್ರ ಹೆಂಗ್ ಮಾತಾಡ್ಬೇಕು ಅಂತ ಹೇಳೋರು ಇಡೀ ಕಾಲೊನೀಲಿ ಒಬ್ರೂ ಇರ್ಲಿಲ್ಲ. ಇರೋದಾದ್ರೂ ಹೆಂಗೆ.

ಗೈಡ್ ಹುಡ್ಕೋದೇ ಒಂದು ಕಥೆ. ರೂಲ್ಸ್ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ 4, ಅಸೋಸಿಯೇಟ್ 6, ಪ್ರೊಫೆಸರ್ ಆದ್ರೆ 8 ಜನ ಪಿಎಚ್‌ಡಿಯೋರನ್ನ ತಗೋಬಹುದು. ಸೀಟು ಖಾಲಿ ಆಗೋ ಸುದ್ದಿ ನೋಟಿಸ್ ಬೋರ್ಡಿಗೆ ಬರೋ ಮುಂಚೆನೇ ಕೆಲವ್ರ ಮನೆ ಊಟದ ಟೇಬಲ್‌ಗೆ ಬಂದಿರುತ್ತೆ. ನಾನು ನೋಟಿಸ್ ಬೋರ್ಡ್ ನೋಡೋ ಗಿರಾಕಿ. ಹೋದಲ್ಲೆಲ್ಲ ಮೊದಲನೇ ಪ್ರಶ್ನೆ "ಯಾವ ಕಡೆಯೋರಪ್ಪ ನೀವು?" ಬೇಲೂರು ಕಡೆ ಸಾರ್ ಅಂದ್ರೆ "ಅದಲ್ಲ, ಯಾವ ಕಡೆಯೋರು" ಅಂತ ಇನ್ನೊಂದ್ ಸಲ ಕೇಳ್ತಾರೆ. ಓದೋರಿಗೆ ಗೊತ್ತು ಅದರ ಅರ್ಥ.

ಜರ್ನಲ್ ವಿಷ್ಯ ಹೇಳ್ಲೇಬೇಕು. 2018ರ ಶುರುವಲ್ಲಿ ನನ್ನ ಮೊದಲನೇ ಪೇಪರ್‌ನ ಒಂದು ಜರ್ನಲ್‌ಗೆ ಕಳ್ಸಿ 2,500 ರೂಪಾಯಿ ಕಟ್ಟಿದ್ದೆ, ವಿವಿಗಳಿಗೆಲ್ಲ ರೂಲ್ಸ್ ಮಾಡೋ ಯುಜಿಸಿಯ ಅಪ್ರೂವ್ಡ್ ಲಿಸ್ಟಲ್ಲಿ ಹೆಸ್ರು ಇತ್ತು, ಮೂರೇ ದಿನದಲ್ಲಿ ಆಕ್ಸೆಪ್ಟೆಡ್ ಅಂತ ಮೇಲ್ ಬಂತು, ಖುಷಿಯಾಗಿ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಧಾರವಾಡ ಪೇಡ ಹಂಚಿದೆ. ಮೂರು ದಿನದಲ್ಲಿ ಯಾವ ಪುಣ್ಯಾತ್ಮ ಓದಿರ್ತಾನೆ ಅನ್ನೋ ಪ್ರಶ್ನೆ ನಂಗೆ ಹೊಳೀಲಿಲ್ಲ, ಪೇಡ ತಿಂದೋರೂ ಹೇಳ್ಲಿಲ್ಲ. ಮೇ ತಿಂಗಳಲ್ಲಿ ಯುಜಿಸಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನ ಲಿಸ್ಟಿಂದ ಕಿತ್ತಾಕ್ತು, ನಂದು ಅದ್ರಲ್ಲೇ ಇತ್ತು, ಪೇಪರ್ ಅಚ್ಚಾಗಿ ಬಂದಿದ್ದು ಜೂನ್‌ನಲ್ಲಿ. ಥೀಸಿಸ್ ಜೊತೆ ಇಡೋಣ ಅಂತಿದ್ದಿದ್ದು ನಡೆಯಲ್ಲ ಅಂದ್ರು. ಇನ್ನೊಂದು ಬರೆದು ಅಚ್ಚಾಗೋ ಹೊತ್ತಿಗೆ ಒಂದೂವರೆ ವರ್ಷ ಹೋಯ್ತು. ಅದೇ ವರ್ಷ ನನ್ ಜೊತೆಗೇ ಇದ್ದೋರೊಬ್ರು ಆ ಜರ್ನಲ್ ಕಡೆ ತಲೇನೂ ಹಾಕಿರ್ಲಿಲ್ಲ, ಕೇಳಿದ್ರೆ "ನಮ್ ಸರ್ ಕಾಫಿ ಕುಡೀವಾಗ ಹೇಳಿದ್ರಲ್ಲ" ಅಂದ್ರು. ಆ ಕಾಫಿಗೆ ನನ್ನ ಯಾರೂ ಕರ್ದಿರ್ಲಿಲ್ಲ ಅಷ್ಟೇ. ಯಾರೂ ಬೈದಿಲ್ಲ, ತಳ್ಳಿಲ್ಲ, ಕಂಪ್ಲೇಂಟ್ ಕೊಡೋಕೂ ಏನೂ ಇಲ್ಲ. 2025ರ ಫೆಬ್ರವರೀಲಿ ಯುಜಿಸಿ ಆ ಹಳೇ ಲಿಸ್ಟಿನ ಜಾಗಕ್ಕೆ ತಂದಿದ್ದ ಕೇರ್ ಲಿಸ್ಟನ್ನೂ ಕೈಬಿಟ್ಟು ಯಾವ್ದು ಒಳ್ಳೇ ಜರ್ನಲ್ ಅಂತ ನೀವ್ ನೀವೇ ನೋಡ್ಕೊಳ್ಳಿ ಅಂದಿದೆ, ಅಂದ್ರೆ ಆ ಕಾಫಿ ಈಗ ಇನ್ನೂ ದುಬಾರಿ.

ಆಮೇಲೆ ನನ್ನ ಕೈಹಿಡಿದಿದ್ದು ಯಾವ ಪ್ರೊಫೆಸರೂ ಅಲ್ಲ, ಲೈಬ್ರರಿಯನ್ ಮೇಡಂ. ಥೀಸಿಸ್‌ಗಳನ್ನ ಇಡೋ ಶೋಧಗಂಗಾ ವೆಬ್‌ಸೈಟಲ್ಲಿ ಹಳೇದೊಂದು ತೆಗೆದು ಒಂದೊಂದು ಅಧ್ಯಾಯ ಹೆಂಗ್ ಶುರುವಾಗುತ್ತೆ ನೋಡು ಅಂತ ಪಕ್ಕದಲ್ಲೇ ಕೂರಿಸ್ಕೊಂಡು ತೋರ್ಸೋರು, ನಾನು ಬರೆದಿದ್ದನ್ನ ನನ್ನಿಂದಾನೇ ಜೋರಾಗಿ ಓದಿಸೋರು, ಉಸಿರು ಸಿಕ್ಕಾಕ್ಕೊಂಡ ಕಡೆ ಪೆನ್ಸಿಲಲ್ಲಿ ಒಂದು ಚುಕ್ಕಿ ಇಡೋರು. ಅವ್ರು ಯಾವ ಜಾತಿ ಅಂತ ನಾನು ಇವತ್ತಿಗೂ ಕೇಳಿಲ್ಲ. ಅವ್ರೂ ನನ್ನ ಯಾವ ಕಡೆಯೋನು ಅಂತ ಕೇಳ್ಲಿಲ್ಲ. ಹಂಗಾಗಿ ಮಾರ್ಗದರ್ಶಕರು ನಮ್ಮೋರೇ ಆಗಿರ್ಬೇಕು ಅಂತ ನಾನ್ ಹಠ ಮಾಡಲ್ಲ, ಆದ್ರೆ ಒಬ್ಬ ಸೀನಿಯರ್ ಸಿಕ್ಕಾಗೆಲ್ಲ "ನಿಮ್ಮೋರ ಆದಿವಾಸಿ ಹೇರ್ ಆಯಿಲ್ ಒಂದು ಬಾಟ್ಲಿ ತಂದ್ಕೊಡ್ರೀ" ಅಂತ ನಗ್ತಾರಲ್ಲ, ಅದಕ್ಕೆ ನಗಬೇಕಾ, ಸುಮ್ನಿರಬೇಕಾ, ನಿಜವಾಗ್ಲೂ ತಂದ್ಕೊಡ್ಬೇಕಾ ಅಂತ ಆ ಮೇಡಂ ಹತ್ರ ಹೆಂಗ್ ಕೇಳೋದು? (ಒಂದ್ಸಲ ತಂದ್ಕೊಟ್ಟೆ. ದುಡ್ಡು ಬರ್ಲಿಲ್ಲ.)

ಇನ್ನೊಂದು ತಮಾಷೆ ನೋಡಿ. ನಂಗೆ ಮೆಂಟರ್ ಇಲ್ಲ, ಆದ್ರೆ ಕಾಲೇಜಲ್ಲಿರೋ ಎಸ್‌ಟಿ ಮಕ್ಕಳಿಗೆಲ್ಲ ನಾನೇ ಮೆಂಟರ್. ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರ್ ತಗೋತಿಲ್ಲ ಅಂದ್ರೆ ನನ್ ಹತ್ರ, ಹಾಸ್ಟೆಲ್ ಸೀಟು ಸಿಗ್ಲಿಲ್ಲ ಅಂದ್ರೆ ನನ್ ಹತ್ರ, ಮನೇಲಿ ಮದ್ವೆ ಮಾಡ್ತೀವಿ ಅಂತಿದಾರೆ ಸಾರ್ ಅಂತ ಹುಡ್ಗಿ ಅತ್ರೂ "ಆ ಮೇಷ್ಟ್ರ ಹತ್ರ ಹೋಗಮ್ಮ". ಬೇಜಾರಿಲ್ಲ, ಮಾಡ್ತೀನಿ. ಆದ್ರೆ ಆ ಹೊತ್ತಲ್ಲಿ ಪಕ್ಕದ ಟೇಬಲ್ಲೋರು ಪೇಪರ್ ಬರ್ಕೋತಾರೆ, ವರ್ಷದ ಕೊನೇಲಿ ಲೆಕ್ಕಕ್ಕೆ ಬರೋದು ಪೇಪರ್ರೇ.

ಬ್ರಿಟನ್ನಿನ ವಿವಿಗಳಲ್ಲಿ 2016ರಿಂದ ರೇಸ್ ಈಕ್ವಾಲಿಟಿ ಚಾರ್ಟರ್ ಅಂತ ಇದೆ. ಅದಕ್ಕೆ ಸೇರಿದ ವಿವಿಗಳು ಅಲ್ಪಸಂಖ್ಯಾತ ಜನಾಂಗದ ಮೇಷ್ಟ್ರುಗಳು ಎಷ್ಟು ಜನ ಇದಾರೆ, ಎಷ್ಟು ಜನ ಮೇಲಕ್ಕೆ ಹೋದ್ರು ಅಂತ ಲೆಕ್ಕ ಇಟ್ಟು, ಏನ್ ಮಾಡ್ತೀವಿ ಅಂತ ಬರೆದುಕೊಡ್ಬೇಕು. ಅಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ನಮ್ಮಲ್ಲಿ ಮೀಸಲಾತಿಯ ರೋಸ್ಟರ್ ಪಾಯಿಂಟ್ ತುಂಬಿದ್ರೆ ಫೈಲ್ ಕ್ಲೋಸು, ಆ ಪಾಯಿಂಟಲ್ಲಿ ಬಂದ ಮನುಷ್ಯ ಆಮೇಲೆ ಏನಾದ ಅಂತ ಯಾರೂ ನೋಡಲ್ಲ.

ಮೈಸೂರು ವಿವಿಯ ಪಿಜಿ ಸೆಂಟರ್ ಆಗಿದ್ದ ನಮ್ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯ್ತು. ಹೊಸ ಮನೆ, ಪದ್ಧತಿ ಇನ್ನೂ ಗಟ್ಟಿಯಾಗಿಲ್ಲ, ಅದಕ್ಕೇ ಈಗ್ಲೇ ಕೇಳ್ತಿದೀನಿ. ಹೊಸದಾಗಿ ಸೇರೋ ಮೇಷ್ಟ್ರಿಗೆ ಬೇರೆ ವಿಭಾಗದ ಒಬ್ಬ ಹಿರಿಯರನ್ನ ಜೊತೆ ಮಾಡಿ. ಬೇರೆ ವಿಭಾಗ ಯಾಕೆ ಅಂದ್ರೆ ಕಾನ್ಫಿಡೆನ್ಷಿಯಲ್ ರಿಪೋರ್ಟ್ ಬರೆಯೋ ತನ್ನ ವಿಭಾಗದ ಎಚ್‌ಒಡಿ ಮುಂದೆ ಯಾವನಾದ್ರೂ "ಸಾರ್ ಇದು ನಂಗೆ ಗೊತ್ತಿಲ್ಲ" ಅಂತಾನಾ? ತಿಂಗಳಿಗೆ ಎರಡು ಗಂಟೆ ಸಾಕು, ಅದನ್ನ ಇಬ್ಬರ ವರ್ಕ್‌ಲೋಡಲ್ಲೂ ಸೇರ್ಸಿ. ನಮ್ಮಂಥೋರು ಮಕ್ಕಳಿಗೆ ಕೊಡೋ ಹೊತ್ತನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಕಟಿಸೋದಾದ್ರೆ ದಯವಿಟ್ಟು ನನ್ ಹೆಸರು ಹಾಕ್ಬೇಡಿ ಸಾರ್, ಪ್ರಮೋಷನ್ ಫೈಲ್ ಇನ್ನೂ ಮೇಲಿಂದ ಸೈನ್ ಆಗಿ ಬಂದಿಲ್ಲ.

— ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್, ಹಾಸನ ಜಿಲ್ಲೆ