ಮಗಳಿಗೊಂದು ಪತ್ರ: ಮಕೇಬಾ ಹಾಡುವ ಮುನ್ನ

ಪ್ರೀತಿಯ ಪುಟ್ಟಿ,

ಕಾಲೇಜಿನ ವೇದಿಕೆಯಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಅವರ ಹಾಡು ಹಾಡ್ತೀನಿ ಅಂದಿದ್ದೀಯ. ಖಂಡಿತ ಹಾಡು. ಆದರೆ ‘ಪಾಟಾ ಪಾಟಾ’ ಒಂದನ್ನೇ ಕೇಳಿ ಆಕೆಯನ್ನು ಅಳೆಯಬೇಡ. 1967ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿದ ಹಾಡು ಅದು. ಅದಕ್ಕಿಂತ ತೂಕದ ಹಾಡುಗಳು ಹಿಂದೆ ಉಳಿದವಲ್ಲ ಎಂಬ ಬೇಸರ ಆಕೆಗೂ ಇತ್ತು. ಆ ಗಾಯಕಿ ತಯಾರಾದದ್ದು ಅದಕ್ಕೂ ಮೊದಲು, 1950ರ ದಶಕದ ಜೋಹಾನ್ಸ್‌ಬರ್ಗ್‌ನಲ್ಲಿ, ತಂಡಗಳೊಳಗೆ.

ಅವುಗಳಲ್ಲಿ ಒಂದು ಮ್ಯಾನ್‌ಹಟನ್ ಬ್ರದರ್ಸ್. ನಾಲ್ವರು ಗಂಡಸರ ನಡುವೆ ಒಂದೇ ಹೆಣ್ಣುದನಿ. ಆಮೇಲೆ ಸ್ಕೈಲಾರ್ಕ್ಸ್, ಪೂರ್ತಿ ಹೆಣ್ಣುಮಕ್ಕಳ ತಂಡ. ಮೂರು ನಾಲ್ಕು ದನಿಗಳು ಒಂದಕ್ಕೊಂದು ಒತ್ತಿಕೊಂಡು ಸಾಗುವ ಹಾಡುಗಾರಿಕೆಯಲ್ಲಿ ಒಬ್ಬಳ ದನಿ ಸ್ವಲ್ಪ ಮೇಲೆದ್ದರೂ ಮೇಳ ಕೆಡುತ್ತದೆ. ಪಕ್ಕದವಳ ಉಸಿರು ಕೇಳಿಸಿಕೊಂಡೇ ಹಾಡಬೇಕು. 1957ರಿಂದ ‘ಆಫ್ರಿಕನ್ ಜಾಝ್ ಅಂಡ್ ವೆರೈಟಿ’ ಪ್ರದರ್ಶನದ ಜೊತೆ ಒಂದೂವರೆ ವರ್ಷದ ತಿರುಗಾಟ. 1959ರಲ್ಲಿ ಟಾಡ್ ಮಟ್ಶಿಕಿಝಾ ಸಂಗೀತದ ‘ಕಿಂಗ್ ಕಾಂಗ್’ ಎಂಬ ಹಾಡುನಾಟಕ. ಹೆಸರು ನೋಡಿ ಗೊರಿಲ್ಲಾ ಕಥೆ ಅಂದುಕೊಳ್ಳಬೇಡ. ಅದು ಎಝೆಕಿಯೆಲ್ ದ್ಲಾಮಿನಿ ಎಂಬ ಬಾಕ್ಸರನ ಬದುಕು. ಮಕೇಬಾ ಅದರಲ್ಲಿ ಶೆಬೀನ್, ಅಂದರೆ ಕದ್ದುಮುಚ್ಚಿ ನಡೆಸುವ ಹೆಂಡದಂಗಡಿಯ ಒಡತಿ ಜಾಯ್ಸ್. ಜೋಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಅದನ್ನು ನೋಡಿದರು. ವರ್ಣಭೇದದ ಆ ದಿನಗಳಲ್ಲಿ ಅದೇ ದೊಡ್ಡ ಮಾತು. ಅದೇ ವರ್ಷ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಹಾಡುವ ಹೊತ್ತಿಗೆ ಆಕೆ ಹೊಸಬರಾಗಿರಲಿಲ್ಲ, ಅಮೆರಿಕಕ್ಕೆ ಮಾತ್ರ ಹೊಸಬರು.

ಹಣದ ವಿಚಾರವನ್ನೂ ಈಗಲೇ ಹೇಳಿಬಿಡುತ್ತೇನೆ, ಹಾಡುವವರು ಇದನ್ನು ತಡವಾಗಿ ಕಲಿಯುತ್ತಾರೆ. ಅಮೆರಿಕದ ರೆಕಾರ್ಡ್ ಕಂಪನಿ ಆರ್‌ಸಿಎ ವಿಕ್ಟರ್ ಆಕೆಯನ್ನು ಸೇರಿಸಿಕೊಳ್ಳಲು ದಕ್ಷಿಣ ಆಫ್ರಿಕಾದ ಗ್ಯಾಲೋಟೋನ್ ಕಂಪನಿಗೆ 45,000 ಡಾಲರ್ ಕೊಟ್ಟು ಹಳೇ ಕರಾರು ಬಿಡಿಸಿಕೊಂಡಿತು. ಪರಿಣಾಮ, 1960ರ ತನ್ನ ಮೊದಲ ಆಲ್ಬಮ್ಮಿನಿಂದ ಮಕೇಬಾಗೆ ರಾಯಲ್ಟಿಯೇ, ಅಂದರೆ ಮಾರಾಟದ ಪಾಲೇ, ಸಿಗಲಿಲ್ಲ. ಎಲ್ಲಿ ಸಹಿ ಹಾಕಿದರೂ ಎರಡು ಸಾಲು ಹುಡುಕು: ಕರಾರು ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಆ ದುಡ್ಡು ಯಾರ ಲೆಕ್ಕಕ್ಕೆ ಬೀಳುತ್ತದೆ.

ಈಗ ‘ಕೊಂಗ್‌ಕೊತ್ವಾನೆ’. ಅದು ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯ ಮದುವೆ ಹಾಡು, ಹೊರಗಿನವರು ‘ಕ್ಲಿಕ್ ಸಾಂಗ್’ ಅನ್ನುತ್ತಾರೆ. ಕನ್ನಡ ಅಕ್ಷರದಲ್ಲಿ ‘ಕ’ ಅಂತ ಬರೆದಿದ್ದೀನಲ್ಲ, ಅಲ್ಲಿರುವುದು ‘ಕ’ ಅಲ್ಲ. ಖೋಸಾದಲ್ಲಿ ಕ್ಲಿಕ್, ಅಂದರೆ ನಾಲಗೆಯಿಂದ ಬರುವ ‘ಟಕ್’ ಥರದ ಸದ್ದು, ಮೂಲತಃ ಮೂರು ಜಾಗದಲ್ಲಿ ಹುಟ್ಟುತ್ತದೆ, ಮೂರೂ ನಿನಗೆ ಆಗಲೇ ಗೊತ್ತು. ‘ಚ್ಚ್ ಚ್ಚ್, ಪಾಪ’ ಅನ್ನುವಾಗ ಹಲ್ಲಿನ ಹಿಂದೆ ಬರುವುದು ಒಂದು. ಎತ್ತು, ಕುದುರೆ ಹೊಡೆಯುವವರು ಕೆನ್ನೆಯ ಪಕ್ಕದಲ್ಲಿ ಮಾಡುವುದು ಇನ್ನೊಂದು. ನಾಲಗೆ ತುದಿಯನ್ನು ಅಂಗುಳಕ್ಕೆ ಅಂಟಿಸಿ ಕೆಳಗೆ ಸೆಳೆದಾಗ ‘ಟೊಕ್’ ಅನ್ನುವುದು ಮೂರನೆಯದು. ಈ ಹಾಡಿಗೆ ಬೇಕಾದದ್ದು ಈ ಮೂರನೆಯದೇ.

ಸದ್ದು ಬರಿಸುವುದು ಸುಲಭ, ಸ್ವರಕ್ಕೆ ಅಂಟಿಸುವುದು ಕಷ್ಟ. ಎಲ್ಲರೂ ‘ಟೊಕ್’ ಅಂದು, ನಿಂತು, ಆಮೇಲೆ ‘ಒ’ ಅನ್ನುತ್ತಾರೆ. ಲಯ ಅಲ್ಲೇ ಮುರಿಯುತ್ತದೆ. ಕ್ಲಿಕ್‌ಗೆ ಶ್ವಾಸಕೋಶದ ಗಾಳಿ ಬೇಡ. ನಾಲಗೆಯ ಹಿಂಭಾಗ ‘ಕ’ ಜಾಗದಲ್ಲಿ ಮುಚ್ಚಿರುತ್ತದೆ, ತುದಿ ಮುಂದೆ ಮುಚ್ಚಿರುತ್ತದೆ, ನಡುವೆ ಸಿಕ್ಕ ಚೂರು ಗಾಳಿಯ ಹೀರುವಿಕೆಯಿಂದಲೇ ಸದ್ದು. ಅದಕ್ಕೇ ಕಂಠ ನಿಲ್ಲಿಸಬೇಕಾಗಿಲ್ಲ. ಹೀಗೆ ಮಾಡು: ಆಧಾರ ಷಡ್ಜದಲ್ಲಿ ‘ಙ್’ ಅಂತ ಮೂಗಿನಲ್ಲಿ ಗುಂಯ್ ಅನ್ನಿಸುತ್ತಾ ಇರು. ಆ ನಾದ ಕಡಿಯದೆ ಮೇಲೆ ‘ಟೊಕ್’ ಹಾಕು. ಹತ್ತು ಸಲ ಕಡಿಯದೆ ಬಂದ ಮೇಲೆ ‘ಟೊಕ್’ ಆದ ಕೂಡಲೇ ಬಾಯಿ ತೆರೆದು ‘ಒ’ಗೆ ಜಾರು. ಮೂಗಿನ ನಾದವನ್ನು ಕೊನೆಗೆ ಬಿಡು. ದವಡೆ ಕುಣಿಯಬಾರದು, ತುಟಿ ಮುಂದೆ ಬರಬಾರದು. ಕನ್ನಡಿ ಮುಂದೆ ನಿಂತರೆ ತಪ್ಪು ತಾನೇ ಕಾಣುತ್ತದೆ.

‘ಪಾಟಾ ಪಾಟಾ’ದ್ದು ಬೇರೆ ತೊಂದರೆ. ಅದು ಮರಾಬಿ ಎಂಬ ಟೌನ್‌ಶಿಪ್ (ಊರಂಚಿನ ಕರಿಯರ ಬಡಾವಣೆ) ಸಂಗೀತದ ಕುಡಿ: ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಮಧ್ಯಮದ ಕಾರ್ಡ್, ಮತ್ತೆ ಷಡ್ಜ, ಪಂಚಮ, ತಿರುಗಾ ಮೊದಲಿಂದ, ಹಾಡಿನುದ್ದಕ್ಕೂ. ಕರ್ನಾಟಕ ಸಂಗೀತ ಕಲಿತ ಗಂಟಲು ಎರಡನೇ ಸುತ್ತಿಗೇ ಗಮಕ ಹಾಕಲು ತವಕಿಸುತ್ತದೆ. ಹಾಕಬೇಡ, ನಾದ ಅಲುಗಾಡಿದರೆ ಕುಣಿತ ಸಡಿಲವಾಗುತ್ತದೆ. ಮಕೇಬಾ ಬದಲಿಸಿದ್ದು ಬೇರೆಯದನ್ನು: ಹಿಮ್ಮೇಳಕ್ಕೆ ಜಾಗ ಬಿಟ್ಟರು, ನಡುವೆ ಹಾಡು ನಿಲ್ಲಿಸಿ ಮಾತಾಡಿದರು.

ಜೊತೆಗೆ ‘ಖವುಲೇಝಾ’ ಕೂಡ ಹಾಡಬೇಕೆಂದು ನನ್ನ ಆಸೆ. ಗಾಯಕಿ ಡೊರೊತಿ ಮಸೂಕಾ ಕಟ್ಟಿದ್ದು. ಪೊಲೀಸರು ಬರ್ತಿದ್ದಾರೆ, ಬೇಗ ಅಮ್ಮಾ, ಸಿಕ್ಕಿಬೀಳಬೇಡ ಅಂತ ಮಕ್ಕಳು ಬೀದಿಯಿಂದ ಕೂಗುವ ಹಾಡು. ಮಕೇಬಾ 18 ದಿನದ ಕೂಸಾಗಿದ್ದಾಗ ಮನೆಯಲ್ಲಿ ಬಿಯರ್ ಕಾಯಿಸಿದ್ದಕ್ಕೆ ತಾಯಿಗೆ ಆರು ತಿಂಗಳ ಜೈಲಾಗಿತ್ತು, ಕೂಸೂ ಒಳಗಿತ್ತು. 1960ರಲ್ಲಿ ಆ ತಾಯಿಯ ಅಂತ್ಯಕ್ರಿಯೆಗೆ ಹೊರಟಾಗ ಪಾಸ್‌ಪೋರ್ಟ್ ರದ್ದಾಗಿರುವುದು ಗೊತ್ತಾಯಿತು. ಮತ್ತೆ ತವರು ಕಂಡದ್ದು 1990ರಲ್ಲಿ. ಇಷ್ಟು ತಿಳಿದ ಮೇಲೂ ಅಳುದನಿಯಲ್ಲಿ ಹಾಡಬೇಡ. ಅದು ಎಚ್ಚರಿಕೆಯ ಕೂಗು, ಅವಸರ ಬೇಕು. ಅಮೆರಿಕದ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಮಾಡಿದ 1965ರ ಬೆಲಫಾಂಟೆ–ಮಕೇಬಾ ಆಲ್ಬಮ್ಮಿನಲ್ಲಿ ಇದೆ, ಮೊದಲು ಅದನ್ನು ಕೇಳು. ಗ್ರ್ಯಾಮಿ ಪ್ರಶಸ್ತಿ ಬಂದದ್ದು ಆ ಆಲ್ಬಮ್ಮಿಗೇ.

ಮೈಕಿನವರಿಗೆ ಒಂದು ಮಾತು ಹೇಳು: ಸೌಂಡ್ ಚೆಕ್‌ನಲ್ಲಿ ಬರೀ ‘ಹಲೋ’ ಅಂದರೆ ಸಾಲದು, ಗೇನ್ (ಮೈಕಿನ ದನಿಮಟ್ಟ) ಇಡುವಾಗ ಕ್ಲಿಕ್ಕನ್ನೇ ಕೇಳಿಸು. ಅದು ಸ್ವರಕ್ಕಿಂತ ಚೂಪು, ಮೈಕು ತುಟಿಗೆ ತಾಗಿದ್ದರೆ ಸ್ಪೀಕರ್ ಸಿಡಿಯುತ್ತದೆ. ಒಂದು ಗೇಣು ದೂರ ಹಿಡಿದು, ಮುಖ ತುಸು ಓರೆ ಮಾಡು. ಮಾನಿಟರಿನಲ್ಲಿ, ಅಂದರೆ ಹಾಡುವವರ ಕಡೆಗಿಟ್ಟ ಸ್ಪೀಕರಿನಲ್ಲಿ, ಬೇಸ್ ಗಿಟಾರ್ ಜಾಸ್ತಿ ಕೇಳು, ಮರಾಬಿಯ ಸುತ್ತು ಅದರ ಮೇಲೇ ನಿಂತಿದೆ.

‘ಙ್’ ಅಭ್ಯಾಸದ್ದು ಒಂದು ರೆಕಾರ್ಡಿಂಗ್ ಕಳಿಸು. ನಾದ ಎಲ್ಲಿ ಕಡಿಯುತ್ತಿದೆ ಅಂತ ಕೇಳಿ ಹೇಳುತ್ತೇನೆ.

ಇಂತಿ,
ಅಮ್ಮ