ಗೂಡಿನ ಗಾಡಿ: ಮಗಳಿಗೊಂದು ಪತ್ರ

ಪೆರ್ಲ, ಕಾಸರಗೋಡು
ಪತ್ತನಾಜೆಯ ಮರುದಿನ

ಚಿ| ಮಗಳಿಗೆ ಅಪ್ಪನ ಆಶೀರ್ವಾದಗಳು.

ಮಳೆ ಇನ್ನೂ ಹಿಡಿದಿಲ್ಲವಾದರೂ, ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಪದ್ಧತಿಯಂತೆ ನಿನ್ನೆ, ಒಲೆ ಮತ್ತು ಮಲಗುವ ಹಲಗೆಯಿರುವ ನಮ್ಮ ಯಾತ್ರೆಯ ಗೂಡನ್ನು ಗಾಡಿಯಿಂದ ಇಳಿಸಿ ಕೊಟ್ಟಿಗೆಯ ಪಕ್ಕದ ಮಾಡಿನ ಅಡಿಗೆ ಸೇರಿಸಿದೆವು. ಬೇಕಲದ ಕಡೆಯ ಒಂದು ವಸತಿಗೃಹದವರು ಗಾಡಿ, ಗೂಡು ಎರಡನ್ನೂ ಕೊಳ್ಳುತ್ತೇವೆಂದು ಬಂದ ವಿಷಯ ತಿಳಿಸಿದಾಗ, ಅದನ್ನು ಕೊಡುವುದು ಬೇಡ, ತಾನೇ ಇಟ್ಟುಕೊಳ್ಳುತ್ತೇನೆ ಎಂದು ನೀನು ಹೇಳಿದೆ. ಆ ಮಾತು ಕೇಳಿ ನನಗಾದ ಸಂತೋಷವನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಆದರೆ ಇಟ್ಟುಕೊಳ್ಳುವುದೆಂದರೆ ಏನೇನು ಮಾಡುತ್ತಿರಬೇಕು ಎಂಬ ನಿನ್ನ ಪ್ರಶ್ನೆಗೆ ನಾಲ್ಕು ಮಾತಿನಲ್ಲಿ ಉತ್ತರವಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಜ್ಜ ಆ ಗಾಡಿಯನ್ನು ಕೊಂಡದ್ದು ಅಡಿಕೆ ಸಾಗಿಸುವುದಕ್ಕೆ. ಮಹೀಂದ್ರದವರು ತಯಾರಿಸಿದ ಎಫ್‌ಸಿ-150, ಅಂದರೆ ಇಂಜಿನಿನ ಮೇಲೆಯೇ ಚಾಲಕ ಕುಳಿತುಕೊಳ್ಳುವ, ಮುಂದೆ ಮೂಗಿಲ್ಲದ ಜೀಪು. ಅಮೆರಿಕದ ವಿಲ್ಲೀಸ್ ಕಂಪೆನಿ 1956ರ ಕೊನೆಗೆ ಹೊರತಂದ ಈ ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಎಂಬವರದು. ಚಕ್ರದಿಂದ ಚಕ್ರಕ್ಕೆ ಕೇವಲ 81 ಇಂಚು ಅಂತರವಿದ್ದರೂ ಹಿಂದೆ ಆರಡಿ ಉದ್ದದ ತೊಟ್ಟಿ ಸಿಗುವುದು ಈ ಮೂಗಿಲ್ಲದ ರಚನೆಯಿಂದಾಗಿ. ನಮ್ಮ ತೋಟದ ದಾರಿಯ ತಿರುವುಗಳಲ್ಲಿ ಬೇರೆ ಯಾವ ಸರಕು ಗಾಡಿಯೂ ಇಷ್ಟು ಸಲೀಸಾಗಿ ಹೊರಳುವುದಿಲ್ಲ.

ಗೂಡು ಹುಟ್ಟಿದ್ದು ಅಜ್ಜಿಯಿಂದ. ಅಜ್ಜಿ ಪರಸ್ಥಳದಲ್ಲಿ ಬೇರೆಯವರು ಬೇಯಿಸಿದ್ದನ್ನು ಉಣ್ಣುತ್ತಿರಲಿಲ್ಲ. ಆ ಕಾರಣಕ್ಕೆ ಎಷ್ಟೋ ವರ್ಷ ಅವರ ತೀರ್ಥಯಾತ್ರೆ ಮಧೂರು, ಅನಂತಪುರದಾಚೆಗೆ ಹೋಗಲೇ ಇಲ್ಲ. ಅಜ್ಜ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, 1974ರ ಬೇಸಗೆಯಲ್ಲಿ ಊರಿನ ಆಚಾರಿಯನ್ನು ಕರೆಸಿ, ನಮ್ಮದೇ ಹಿತ್ತಲಿನ ಹಲಸಿನ ಮರದ ರೀಪುಗಳಿಂದ ಚೌಕಟ್ಟು ಕಟ್ಟಿಸಿ, ಹೊರಗೆ ಅಲ್ಯುಮಿನಿಯಂ ತಗಡು ಹೊಡೆಸಿ, ಒಳಗೆ ಸೀಮೆಎಣ್ಣೆ ಒಲೆ, ತಾಮ್ರದ ಹಂಡೆ ಮತ್ತು ಚಾಲಕನ ತಲೆಯ ಮೇಲಕ್ಕೆ ಚಾಚಿದ ಮಲಗುವ ಹಲಗೆಯಿರುವ ಒಂದು ಗೂಡು ಮಾಡಿಸಿದರು. ಆ ವರ್ಷದ ತುಲಾಸಂಕ್ರಮಣಕ್ಕೆ ಅಜ್ಜಿ ಸಂಪಾಜೆ ಘಾಟಿ ಹತ್ತಿ ತಲಕಾವೇರಿಗೆ ಹೋದದ್ದು, ತನ್ನ ಒಲೆಯಲ್ಲೇ ಬೇಯಿಸಿ ಉಂಡದ್ದು ಆ ಗೂಡಿನಲ್ಲಿ. ನಾನು ಆಗ ಒಂಬತ್ತು ವರ್ಷದವನು, ಮೇಲಿನ ಹಲಗೆಯಲ್ಲಿ ಮಲಗಿದ್ದೆ.

ಗೂಡು ಗಾಡಿಯ ಅಂಗವಲ್ಲ, ಗಾಡಿಯ ಮೇಲೆ ಕೂರುವ ಹೊರೆ ಎಂಬುದನ್ನು ನೀನು ಮೊದಲಾಗಿ ಗಮನಿಸಬೇಕು. ಅಮೆರಿಕದಲ್ಲಿ ಪಿಕಪ್ ಗಾಡಿಗಳ ತೊಟ್ಟಿಯೊಳಗೆ ಜಾರಿಸಿ ಕೂರಿಸುವ ಕ್ಯಾಂಪರ್‌ಗಳ ತತ್ತ್ವವೂ ಇದೇ. ಅಲ್ಲಿಯ ಅಲಾಸ್ಕನ್ ಕ್ಯಾಂಪರಿನಲ್ಲಿ ಹಿಡ್ರಾಲಿಕ್ ಬಲದಿಂದ ಮೇಲ್ಭಾಗವನ್ನೇ ಎತ್ತುವ ವ್ಯವಸ್ಥೆಯಿದೆ. ನಮ್ಮದರಲ್ಲಿ ಅಂಥದ್ದೇನೂ ಇಲ್ಲ. ನಾಲ್ಕು ಮೂಲೆಗಳಿಗೆ ನಾಲ್ಕು ತಿರುಪಿನ ಜಾಕಿಗಳಿವೆ. ಅವನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಏರಿಸಿದರೆ ಗೂಡು ತನ್ನ ಕಾಲ ಮೇಲೆ ನಿಲ್ಲುತ್ತದೆ, ಗಾಡಿ ಅಡಿಯಿಂದ ಮುಂದಕ್ಕೆ ಸರಿದು ಅಡಿಕೆ ಮೂಟೆ ಹೊರಲು ಹೋಗುತ್ತದೆ. ಗಾಡಿಯ ಚಾಸಿಗೆ ಅಜ್ಜ ಒಂದು ತೂತನ್ನೂ ಕೊರೆಯಿಸಲಿಲ್ಲ. ತೂಕದ ವಿಚಾರದಲ್ಲಿಯೂ ಅವರು ಎಚ್ಚರದಿಂದಿದ್ದರು: ಹಂಡೆ, ಅಕ್ಕಿಪೆಟ್ಟಿಗೆಗಳನ್ನು ಮುಂಬದಿಗೇ ಇಟ್ಟದ್ದರಿಂದ ಭಾರದ ಕೇಂದ್ರ ಹಿಂದಿನ ಅಚ್ಚಿನಿಂದ ಮುಂದಕ್ಕೆ ಬೀಳುತ್ತದೆ. ಅದು ಹಿಂದಕ್ಕೆ ಸರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಆದ್ದರಿಂದ ಹಿಂಬಾಗಿಲಿನ ಬಳಿ ಬ್ಯಾಟರಿ, ನೀರಿನ ಟ್ಯಾಂಕು ಇತ್ಯಾದಿ ಏನನ್ನೂ ಸೇರಿಸಬೇಡ.

ಇನ್ನು ಮುಖ್ಯ ವಿಷಯ. ಇಂತಹ ಗೂಡನ್ನು ಹಾಳುಮಾಡುವುದು ವಯಸ್ಸಲ್ಲ, ರಸ್ತೆಯ ಕುಲುಕಾಟವೂ ಅಲ್ಲ. ಒಳಗೆ ಹೊಕ್ಕು ಹೊರಗೆ ಬರಲಾರದ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಸಮುದ್ರದ ಗಾಳಿಯ ಉಪ್ಪು ಬೇರೆ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ನೀನು ಹುಟ್ಟುವ ಮೊದಲು, 1999ರಲ್ಲಿ, ಮುಂದಿನ ಮೂಲೆಯಲ್ಲಿ ಸೋರುತ್ತಿದೆಯೆಂದು ಕಂಡು ಎಲ್ಲ ಸಂದುಗಳಿಗೂ, ಕೆಳಗಿನ ಅಂಚಿಗೂ ಸೇರಿಸಿ, ಸಿಲಿಕೋನ್ ಹಚ್ಚಿಬಿಟ್ಟೆ. ನೀರು ನಿಜವಾಗಿ ಇಳಿಯುತ್ತಿದ್ದುದು ಮಾಡಿನ ಹೊಗೆಕಿಂಡಿಯ ಸುತ್ತಲಿನಿಂದ. ಮೊದಲು ಕೆಳಗಿನ ಸಂದಿನಿಂದ ಹರಿದುಹೋಗುತ್ತಿದ್ದ ನೀರು ಈಗ ತಗಡಿಗೂ ಮರಕ್ಕೂ ನಡುವೆ ಸೆರೆಯಾಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ಇಪ್ಪತ್ತೈದು ವರ್ಷ ಜಗ್ಗದಿದ್ದ ಹಲಸಿನ ರೀಪು ಕೈಯಲ್ಲಿ ಹಿಂಡಿದರೆ ಹುಡಿಯಾಗುವಂತಾಗಿತ್ತು. ಆ ಮೂಲೆಯ ಮೂರು ರೀಪುಗಳು ಈಗಿರುವುದು ಹೊಸತು. ಅಜ್ಜ ಏನೂ ಅನ್ನಲಿಲ್ಲ. ಹಳೆಯ ರೀಪಿನ ತುಂಡೊಂದನ್ನು ಅಟ್ಟದಲ್ಲಿ ತೆಗೆದಿಟ್ಟರು. ಅದು ಈಗಲೂ ಅಲ್ಲಿದೆ, ನೀನು ನೋಡಬೇಕು.

ಹಾಗಾಗಿ ಮೇಲಿನ ಸಂದುಗಳನ್ನು ಭದ್ರವಾಗಿ ಮುಚ್ಚು, ಕೆಳಗಿನ ಅಂಚನ್ನು ಎಂದೂ ಮುಚ್ಚಬೇಡ. ಸಿಲಿಕೋನ್ ತಗಲಿದ ಜಾಗಕ್ಕೆ ಆಮೇಲೆ ಬಣ್ಣವಾಗಲಿ ಬೇರೆ ಅಂಟಾಗಲಿ ಹಿಡಿಯುವುದಿಲ್ಲ. ವರ್ಷಗಟ್ಟಲೆ ಮೆತ್ತಗೇ ಉಳಿಯುವ ಬ್ಯುಟೈಲ್ ರಬ್ಬರಿನ ಅಂಟುಪಟ್ಟಿಯನ್ನೇ ತಗಡಿನ ಅಡಿಗೆ ಇಡಬೇಕು. ಸೋರುವ ಸ್ಥಳ ಹುಡುಕುವಾಗ ಪೈಪಿನ ನೀರನ್ನು ಕೆಳಗಿನಿಂದ ಆರಂಭಿಸಿ ನಿಧಾನಕ್ಕೆ ಮೇಲೆ ಬಾ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವುದು ಮೂಲವೆಂದು ತಿಳಿಯುವುದಿಲ್ಲ. ತಗಡಿಗೆ ಕಬ್ಬಿಣದ ಸ್ಕ್ರೂ ಹಾಕಬೇಡ. ಉಪ್ಪು ತೇವದಲ್ಲಿ ಕಬ್ಬಿಣ ತಾಗಿದ ಕಡೆ ಅಲ್ಯುಮಿನಿಯಂ ಬಿಳಿ ಹುಡಿಯಾಗಿ ಸವೆಯುತ್ತದೆ. ಅಲ್ಯುಮಿನಿಯಮ್ಮಿನದೇ ರಿವೆಟ್ ಹೊಡೆಸು. ಸ್ಟೀಲ್ ಅನಿವಾರ್ಯವಾದರೆ ನಡುವೆ ನೈಲಾನ್ ವಾಷರ್ ಇರಲಿ. ಬೇಸಗೆಯಲ್ಲಿ ಒಮ್ಮೆ ರೀಪುಗಳ ತೆರೆದ ತುದಿಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿದರೆ ಒರಲೆ ಹತ್ತಿರ ಸುಳಿಯುವುದಿಲ್ಲ. ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡ. ಜಡಿಮಳೆಯ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಟಾರ್ಪಾಲು ಸುತ್ತಿಡುವುದು ಸಲ್ಲದು. ಅದರೊಳಗೆ ಆವಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ಮಾಡಿನ ಅಡಿಯಲ್ಲಿ, ಮುರಕಲ್ಲಿನ ಮೇಲೆ ಕಾಲೂರಿಸಿ, ಎರಡೂ ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡು.

ಇಂಜಿನಿನ ವಿಷಯ ಇಷ್ಟು ಹೇಳಬೇಕಿಲ್ಲ, ಈ ಜೀಪಿನ ‘ಹರಿಕೇನ್’ ಎಂಬ ಇಂಜಿನ್ ಗಟ್ಟಿಯಾದದ್ದು. ಎರಡು ಸೀಟುಗಳ ನಡುವಿನ ಮುಚ್ಚಳ ತೆಗೆದರೆ ಕೈಗೆ ಸಿಗುತ್ತದೆ. ಅಡಚಣೆಯಿರುವುದು ಈಗಿನ ಪೆಟ್ರೋಲಿನಲ್ಲಿ. ಅದರಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ಪೈಪು ಮತ್ತು ಪಂಪಿನ ಡಯಾಫ್ರಾಮನ್ನು ಕೆಡಿಸುತ್ತದೆ. ಪೈಪುಗಳನ್ನೆಲ್ಲ ಎಥನಾಲಿಗೆ ಸುಲಭದಲ್ಲಿ ಕೆಡದ ವಿಟಾನ್ ಎಂಬ ರಬ್ಬರಿನವಕ್ಕೆ ಬದಲಿಸಿದ್ದೇನೆ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡು. ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವುದರಿಂದ ಎಣ್ಣೆಯೊಳಗೆ ನೀರು ಕೂಡುತ್ತದೆಯೇ ಹೊರತು ಲಾಭವಿಲ್ಲ. ಓಡಿಸುವುದಾದರೆ ಬದಿಯಡ್ಕದವರೆಗಾದರೂ ಓಡಿಸಿ, ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸು.

ನೋಂದಣಿಯ ವಿಚಾರ ನೀನೇ ನಿರ್ಧರಿಸಬೇಕಾದದ್ದು. 2021ರಲ್ಲಿ ಬಂದ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಖಾಸಗಿ ಬಳಕೆಯ ಎರಡು ಅಥವಾ ನಾಲ್ಕು ಚಕ್ರದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಚಾಸಿ ಕೊರೆಯದ ಅಜ್ಜನ ಎಚ್ಚರ ಇಲ್ಲಿ ಫಲ ಕೊಡುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕಾರಣಗಳಿಗಲ್ಲದೆ ನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಳಸುವಂತಿಲ್ಲ. ನಾನು ಅಡಿಕೆ ಹೊರಿಸುವಷ್ಟು ಕಾಲ ಅದು ಸರಕು ಗಾಡಿಯಾಗಿಯೇ ಇರಲಿ; ಆಮೇಲೆ, ಸರಕು ಗಾಡಿಯಾಗಿದ್ದದ್ದಕ್ಕೆ ಅದು ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು, ಸಿಗುವುದಾದರೆ ನಿನಗೆ ವಿಂಟೇಜ್ ನೋಂದಣಿಯೇ ಅನುಕೂಲವೆಂದು ನನಗೆ ಅನಿಸುತ್ತದೆ.

ಬೇಕಲದವರು ಗೂಡಿಗೆ ಹೊಸ ಬಣ್ಣ ಬಳಿದು, ಏಸಿ ಕೂರಿಸಿ, ಅಂಗಳದಲ್ಲಿ ಸ್ಥಿರವಾಗಿ ನಿಲ್ಲಿಸುವವರಿದ್ದರು. ಕೇರಳ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ ಮೇಲೆ ಇಂತಹ ಬೇಡಿಕೆ ಹೆಚ್ಚಿದೆ, ಅವರ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಬಣ್ಣ ಉಜ್ಜಿ ತೆಗೆದರೆ ಹಿಂಬಾಗಿಲಿನ ಮೇಲೆ ಅಜ್ಜ ಕೈಯಾರೆ ಬರೆದ ‘ಶ್ರೀ’ ಹೋಗುತ್ತದೆ, ಒಲೆಯ ಮೇಲಿನ ತಗಡಿನಲ್ಲಿ ಅಜ್ಜಿಯ ಅಡುಗೆಯ ಮಸಿಯೂ ಹೋಗುತ್ತದೆ. ಕೊಳೆತದ್ದನ್ನು ಮಾತ್ರ ಬದಲಿಸು, ಮಾಸಿದ್ದನ್ನು ಹಾಗೆಯೇ ಬಿಡು, ಬಣ್ಣಕ್ಕೆ ವರ್ಷಕ್ಕೊಮ್ಮೆ ಮೇಣ ಹಚ್ಚಿದರೆ ಸಾಕು.

ಎಡಗಡೆಯ ಹಿಂದಿನ ಜಾಕಿ ಸ್ವಲ್ಪ ಬಿಗಿ. ಅದನ್ನು ಕೊನೆಗೆ ತಿರುಗಿಸಬೇಕು. ನವರಾತ್ರಿಯ ರಜೆಗೆ ಬಂದಾಗ ಗೂಡನ್ನು ಏರಿಸುವ ಕೆಲಸ ನಿನ್ನ ಕೈಯಿಂದಲೇ ಆಗಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ತುಲಾಸಂಕ್ರಮಣಕ್ಕೆ ತಲಕಾವೇರಿಗೆ ಹೊರಡೋಣ. ರಜೆ ಸಿಗುವುದೋ ಇಲ್ಲವೋ ಎಂದು ಈಗಲೇ ತಿಳಿಸು, ಟಯರ್ ಬದಲಿಸುವುದಿದೆ.

ನಿನ್ನ ಅಪ್ಪ