ಈ ವಾರದ ವಿಷಯ: ಇನ್ನೊಬ್ಬರನ್ನು ಅರಿಯುವ ಇಂಗ್ಲಿಷ್ ಗಾದೆಗಳು

ಸದಸ್ಯರೆಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಗಾದೆ ಹಾಕುವ ಮುನ್ನ ಇಷ್ಟು ಗಮನಿಸಿ.

‘ವಾಕ್ ಎ ಮೈಲ್ ಇನ್ ಹಿಸ್ ಶೂಸ್’ ಅಮೆರಿಕದ ಮೂಲನಿವಾಸಿಗಳ ಪ್ರಾಚೀನ ಗಾದೆ ಎಂದು ಬರೆದ ಚಿತ್ರಗಳು ಓಡಾಡುತ್ತಿವೆ. ಫಾರ್ವರ್ಡ್ ಮಾಡಬೇಡಿ. ಅಮೆರಿಕದ ಕವಯಿತ್ರಿ ಮೇರಿ ಲ್ಯಾಥ್ರಪ್ ಅವರ 1895ರ ಕವನದಲ್ಲಿ, ಅವನ ಮೊಕಾಸಿನ್ ತೊಟ್ಟು ಮೈಲಿ ನಡೆ ಎಂಬರ್ಥದ ಸಾಲಿದೆ. ಮೊಕಾಸಿನ್ ಎಂಬುದು ಆ ಮೂಲನಿವಾಸಿಗಳ ಮೆತ್ತನೆಯ ಚರ್ಮದ ಪಾದರಕ್ಷೆ. ಗೊಂದಲಕ್ಕೆ ಬಹುಶಃ ಅದೇ ಕಾರಣ.

‘ಓನ್ಲಿ ದ ವೇರರ್ ನೋಸ್ ವೇರ್ ದ ಶೂ ಪಿಂಚಸ್’ (ಜೋಡು ಎಲ್ಲಿ ಕಚ್ಚುತ್ತದೆಂದು ತೊಟ್ಟವನಿಗೇ ಗೊತ್ತು) ಎಂಬುದರ ಬೇರು ಇನ್ನೂ ಹಿಂದಿನದು. ಹೆಂಡತಿಯನ್ನು ಬಿಟ್ಟ ರೋಮನ್ನನೊಬ್ಬನನ್ನು ಗೆಳೆಯರು ಆಕ್ಷೇಪಿಸಿದಾಗ ಅವನು ತನ್ನ ಜೋಡು ತೋರಿಸಿ, ‘ಇದೂ ಹೊಸದೇ, ಚೆಂದವೇ, ಎಲ್ಲಿ ಕಚ್ಚುತ್ತದೆ ಹೇಳಿ ನೋಡೋಣ’ ಎಂದನಂತೆ. ಇದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟ ಪ್ರಸಂಗ.

ಇವೆರಡನ್ನು ಬೆರೆಸುವುದೇ ಹೆಚ್ಚಿನವರ ತಪ್ಪು. ಮೊದಲನೆಯದು ತೀರ್ಪು ಕೊಡಲು ಹೊರಟವರಿಗೆ: ನಿಂತು ಯೋಚಿಸಿ ಎನ್ನುತ್ತದೆ. ನೊಂದವರಿಗೇ ಅದನ್ನು ಹೇಳಿದರೆ, ನೋಯಿಸಿದವರ ಪರ ವಹಿಸಿದಂತಾಗುತ್ತದೆ. ಎರಡನೆಯದು ಹೊರಗಿನವರಿಗೆ ಪೂರ್ತಿ ತಿಳಿಯದು ಎಂದು ಒಪ್ಪುವ ಮಾತು. ಅಳಲು ಕೇಳುವಾಗ ಒಪ್ಪುತ್ತದೆ.

ಗಾಜಿನ ಮನೆಯವರು ಇನ್ನೊಬ್ಬರ ಮೇಲೆ ಕಲ್ಲೆಸೆಯಬಾರದು ಎಂಬ ಗಾದೆ ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟರ 1640ರ ಗಾದೆ ಸಂಗ್ರಹದಲ್ಲೇ ಇದೆ. ಆದರೆ ಅದು ಎಚ್ಚರಿಕೆ, ಅನುಕಂಪವಲ್ಲ. ಜಗಳದ ನಡುವೆ ಬಳಸಿದರೆ ಬೆಂಕಿಗೆ ತುಪ್ಪ.

ಒಂದು ಸಂದೇಶಕ್ಕೆ ಒಂದೇ ಗಾದೆ. ಯಾರು ಯಾರಿಗೆ ಹೇಳುತ್ತಾರೆ ಎಂಬ ಒಂದು ಸಾಲು, ನಿಮ್ಮದೇ ಒಂದು ಉದಾಹರಣೆ ವಾಕ್ಯ ಕಡ್ಡಾಯ. ಮೂಲ ಖಚಿತವಿಲ್ಲದಿದ್ದರೆ ಯಾರ ಹೆಸರನ್ನೂ ಅಂಟಿಸಬೇಡಿ. ಬೆಳಗಿನ ಶುಭಾಶಯದ ಚಿತ್ರಗಳಿಗೆ ಇಲ್ಲಿ ಜಾಗವಿಲ್ಲ, ಅವುಗಳ ಮೇಲೆ ಗಾದೆ ಬರೆದಿದ್ದರೂ ಸರಿ.